ಇಂಗ್ಲೆಂಡಿನಲ್ಲಿ ಮಾತ್ರೆ ಮುಗಿಯುವ ಮೊದಲೇ ಕೇಳಬೇಕು

ನಮಸ್ಕಾರ ತಂಗಿ,

ದಾವಣಗೆರೆಯಿಂದ ರೆಡಿಂಗ್‌ಗೆ ಬಂದು ಎರಡು ತಿಂಗಳಾಯ್ತು, ಥೈರಾಯ್ಡ್ ಮತ್ತು ಬಿಪಿ ಮಾತ್ರೆ ಇನ್ನು ಮೂರು ವಾರಕ್ಕಷ್ಟೇ ಇವೆ ಎಂದು ಬರೆದಿದ್ದೀರಿ. ಖಾಲಿ ಸ್ಟ್ರಿಪ್ ತೋರಿಸಿದರೂ ಅಂಗಡಿಯವರು ಕೊಡಲಿಲ್ಲವಂತೆ. ದಿನ ಬಿಟ್ಟು ದಿನ ತಗೊಂಡು ಉಳಿಸಬಹುದಾ ಅಂತಲೂ ಕೇಳಿದ್ದೀರಿ. ಮೊದಲು ಅದಕ್ಕೇ ಉತ್ತರ: ಬೇಡ. ದಯವಿಟ್ಟು ಹಾಗೆ ಮಾಡಬೇಡಿ. ಇವತ್ತೇ ಶುರು ಮಾಡಿದರೆ ಮೂರು ವಾರ ಸಾಕು.

ನಮ್ಮ ಊರಲ್ಲಿ ಮೆಡಿಕಲ್ ಶಾಪಿನವರಿಗೆ ನಮ್ಮ ಮನೆಯವರೆಲ್ಲ ಗೊತ್ತು. ಸ್ಟ್ರಿಪ್ ತೋರಿಸಿದರೆ ಸಾಕು, ಅಲ್ವಾ? ಇಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಈ ಮಾತ್ರೆಗಳನ್ನು ಕೊಡುವಂತಿಲ್ಲ. ಭಾರತದ ಡಾಕ್ಟರ್ ಬರೆದ ಚೀಟಿಯೂ ನಡೆಯುವುದಿಲ್ಲ. ಆ ಅಂಗಡಿಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮನೆ ಹತ್ತಿರದ ಜಿಪಿ ಸರ್ಜರಿಯಲ್ಲಿ ಹೆಸರು ನೋಂದಾಯಿಸಿ. ಜಿಪಿ ಅಂದರೆ ಮಾಮೂಲಿ ಡಾಕ್ಟರ್. ಸರ್ಜರಿ ಅಂದರೆ ಇಲ್ಲಿ ಆಪರೇಷನ್ ಅಲ್ಲ, ಅವರ ಕ್ಲಿನಿಕ್. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅಡ್ರೆಸ್ ಪ್ರೂಫ್ ಇಲ್ಲ ಎಂದು ವಾಪಸ್ ಕಳಿಸಿದರೆ, ಅದು ಕಡ್ಡಾಯ ಅಲ್ಲ ಎಂದು ಸಮಾಧಾನವಾಗಿ ಹೇಳಿ.

ಆಮೇಲೆ ಅಪಾಯಿಂಟ್‌ಮೆಂಟ್. ಮಾತ್ರೆಯ ಬಾಟಲಿ, ಸ್ಟ್ರಿಪ್, ಹಳೇ ರಿಪೋರ್ಟ್ ಎಲ್ಲ ತಗೊಂಡು ಹೋಗಿ. ಥೈರೋನಾರ್ಮ್, ಟೆಲ್ಮಾ ಅಂದರೆ ಇಲ್ಲಿಯವರಿಗೆ ಗೊತ್ತಾಗುವುದಿಲ್ಲ. ಲೆವೊಥೈರಾಕ್ಸಿನ್, ಟೆಲ್ಮಿಸಾರ್ಟಾನ್ ಎನ್ನಬೇಕು. ಒಳಗಿರುವ ಔಷಧಿಯ ಹೆಸರು, ಎಷ್ಟು ಮೈಕ್ರೋಗ್ರಾಂ, ಎಷ್ಟು ಮಿಲಿಗ್ರಾಂ ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ರಕ್ತ ಪರೀಕ್ಷೆ ಮಾಡಿಸಲು ಹೇಳಬಹುದು. ಡಾಕ್ಟರ್ ಹತ್ತಿರದಿಂದ ಹೊರಡುವ ಮೊದಲು ಒಂದು ಮಾತು ಕೇಳಲೇಬೇಕು: ‘ಇವನ್ನು ನನ್ನ ರಿಪೀಟ್ ಪಟ್ಟಿಗೆ ಸೇರಿಸಿದಿರಾ?’ ಪ್ರತಿ ಸಲ ಡಾಕ್ಟರನ್ನು ನೋಡದೆ ಮತ್ತೆ ಕೇಳಿ ಪಡೆಯಬಹುದಾದ ಮಾತ್ರೆಗಳ ಪಟ್ಟಿ ಅದು. ಸೇರಿಸದಿದ್ದರೆ ಆ ಒಂದು ಸಲಕ್ಕೆ ಮಾತ್ರ ಸಿಗುತ್ತದೆ, ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಓಡಾಟ.

ಪಟ್ಟಿಗೆ ಸೇರಿದ ಮೇಲೆ ಕೆಲಸ ಬಹಳ ಸುಲಭ. ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಆಪ್ ಫೋನಿಗೆ ಹಾಕಿಕೊಳ್ಳಿ. ಪಾಸ್‌ಪೋರ್ಟ್ ಫೋಟೋ ತೆಗೆದು ಗುರುತು ಖಚಿತ ಮಾಡಿಸಬೇಕು. ಅದರಲ್ಲಿ ನಿಮ್ಮ ಮಾತ್ರೆಗಳ ಹೆಸರು ಕಾಣುತ್ತದೆ, ಬೇಕಾದದ್ದಕ್ಕೆ ಟಿಕ್ ಮಾಡಿ ಕಳಿಸಿದರಾಯ್ತು. ಯಾವ ಫಾರ್ಮಸಿ ಎಂದು ಒಮ್ಮೆ ಆರಿಸಿಟ್ಟರೆ ಚೀಟಿ ಅಲ್ಲಿಗೇ ನೇರ ಹೋಗುತ್ತದೆ. ಆಪ್ ಬೇಡ ಎನ್ನುವವರು ಚೀಟಿಯ ಜೊತೆ ಬರುವ ಪಟ್ಟಿಯಲ್ಲಿ ಟಿಕ್ ಹಾಕಿ ಸರ್ಜರಿಗೆ ಕೊಡಬಹುದು. ಫೋನಿನಲ್ಲಿ ಕೇಳಿದರೆ ಬಹಳ ಕಡೆ ಒಪ್ಪುವುದಿಲ್ಲ. ಮಾತ್ರೆ ಹೆಸರು ತಪ್ಪಾಗಿ ಕೇಳಿಸಿದರೆ ಅಪಾಯ, ಅದಕ್ಕೆ.

ಯಾವಾಗ ಕೇಳಬೇಕು ಅನ್ನೋದೇ ಮುಖ್ಯ. ಸಾಮಾನ್ಯವಾಗಿ 28 ಅಥವಾ 56 ದಿನದ ಮಾತ್ರೆ ಕೊಡುತ್ತಾರೆ. ಸರ್ಜರಿಗೆ ಎರಡು ಮೂರು ಕೆಲಸದ ದಿನ ಬೇಕು, ಫಾರ್ಮಸಿಗೆ ಇನ್ನೊಂದೆರಡು ದಿನ. ಒಂದು ವಾರದಿಂದ ಹತ್ತು ದಿನದ ಮಾತ್ರೆ ಉಳಿದಾಗಲೇ ಕೇಳಿ. ಅದಕ್ಕಿಂತ ಜಾಸ್ತಿ ಮುಂಚೆ ಕೇಳಿದರೆ ‘ಇನ್ನೂ ಸಮಯ ಆಗಿಲ್ಲ’ ಎಂದು ತಿರಸ್ಕರಿಸಬಹುದು. ನಾನು ಬಂದ ಎರಡನೇ ವರ್ಷ ಈಸ್ಟರ್ ಹಿಂದಿನ ಗುರುವಾರ ಕೇಳಿದೆ. ಶುಕ್ರವಾರ ರಜೆ, ಸೋಮವಾರವೂ ರಜೆ. ಶನಿವಾರ ಬೆಳಗ್ಗೆ ನನ್ನ ಕೊನೆಯ ಬಿಪಿ ಮಾತ್ರೆ ಮುಗಿಯಿತು. ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಅತ್ತುಬಿಟ್ಟೆ. ಪಕ್ಕದ ಮನೆಯವರು ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡು ಅಂದರು. ಸಹಾಯವಾಣಿಯವರು ಒಂದು ಫಾರ್ಮಸಿಗೆ ಕಳಿಸಿದರು, ಅಲ್ಲಿ ಕೆಲವು ದಿನಕ್ಕಾಗುವಷ್ಟು ಕೊಟ್ಟರು. ಆ 111 ನಂಬರ್ ನೆನಪಿಡಿ. ಆದರೆ ಇಲ್ಲಿಯ ಡಾಕ್ಟರ್ ಒಮ್ಮೆಯಾದರೂ ಬರೆದುಕೊಟ್ಟ ಮಾತ್ರೆಗೆ ಇದು ಸುಲಭ, ನಿಮ್ಮದು ಇನ್ನೂ ಅವರ ದಾಖಲೆಯಲ್ಲೇ ಇಲ್ಲ. ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ.

ವರ್ಷಕ್ಕೊಮ್ಮೆಯಾದರೂ ಮಾತ್ರೆಗಳ ರಿವ್ಯೂ ಇರುತ್ತದೆ. ಕರೆದಾಗ ತಪ್ಪಿಸಿಕೊಳ್ಳಬೇಡಿ. ಆ ತಾರೀಖು ದಾಟಿದರೆ ರಿಪೀಟ್ ನಿಂತುಹೋಗಬಹುದು.

ಈಗ ದುಡ್ಡಿನ ವಿಷಯ. ಇದು ನನಗೆ ಯಾರೂ ಹೇಳಲಿಲ್ಲ. ವೀಸಾ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದರೂ ಇಂಗ್ಲೆಂಡಿನಲ್ಲಿ ಮಾತ್ರೆಗೆ ಬೇರೆ ದುಡ್ಡು. 2024ರ ಮೇ ತಿಂಗಳಿಂದ ಒಂದೊಂದು ಔಷಧಿಗೆ 9.90 ಪೌಂಡ್. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಉಚಿತ. ಆದರೆ ಥೈರಾಯ್ಡ್ ಕಡಿಮೆ ಇದ್ದು ಲೆವೊಥೈರಾಕ್ಸಿನ್ ತಗೊಳ್ಳುವವರಿಗೆ ಇಂಗ್ಲೆಂಡಿನಲ್ಲೂ ವಿನಾಯಿತಿ ಇದೆ. ಥೈರಾಯ್ಡ್ ಮಾತ್ರೆಗೆ ಮಾತ್ರ ಅಲ್ಲ, ಬಿಪಿ ಮಾತ್ರೆಯೂ ಸೇರಿ ಎಲ್ಲ ಚೀಟಿಗೂ. ಸರ್ಜರಿಯಲ್ಲಿ ಎಫ್‌ಪಿ92ಎ ಎಂಬ ಫಾರಂ ಕೇಳಿ, ತುಂಬಿಸಿ, ಅವರಿಂದ ಸಹಿ ಮಾಡಿಸಿ. ಅದರಿಂದ ಸಿಗುವ ವಿನಾಯಿತಿ ಸರ್ಟಿಫಿಕೇಟ್ ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ. ಅದು ಬರುವ ಮೊದಲೇ ಫಾರ್ಮಸಿಯಲ್ಲಿ ‘ನನಗೆ ಉಚಿತ’ ಎಂದು ಸಹಿ ಹಾಕಬೇಡಿ, ದಂಡ ಬೀಳುತ್ತದೆ. ಬರುವವರೆಗೆ ದುಡ್ಡು ಕೊಟ್ಟು, ಆಗಲೇ ಎಫ್‌ಪಿ57 ರಸೀದಿ ಕೇಳಿ. ಅದಿದ್ದರೆ ಮೂರು ತಿಂಗಳೊಳಗೆ ದುಡ್ಡು ವಾಪಸ್ ಪಡೆಯಬಹುದು. ಆಮೇಲೆ ಕೇಳಿದರೆ ಆ ರಸೀದಿ ಕೊಡುವುದಿಲ್ಲ. ನಾನು ಎರಡು ವರ್ಷ ಸುಮ್ನೆ ದುಡ್ಡು ಕಟ್ಟಿದೆ, ನಿಮಗೆ ಹಾಗಾಗಬಾರದು.

ನಾಳೆ ಬೆಳಗ್ಗೆ ರಿಸೆಪ್ಷನ್‌ಗೆ ಹೋದಾಗ ‘ಮಾತ್ರೆ ಮುಗಿಯುತ್ತಾ ಬಂತು’ ಅನ್ನಬೇಡಿ. ಮನೆಯಲ್ಲಿ ಎಣಿಸಿಕೊಂಡು ಹೋಗಿ, ‘ಬಿಪಿ ಮಾತ್ರೆ ಇನ್ನು ಇಷ್ಟು ದಿನಕ್ಕಿದೆ’ ಎಂದು ಸರಿಯಾಗಿ ಹೇಳಿ. ಅವರು ಅಪಾಯಿಂಟ್‌ಮೆಂಟ್ ಎಷ್ಟು ಬೇಗ ಕೊಡಬೇಕು ಅಂತ ನೋಡುವಾಗ ಆ ಲೆಕ್ಕ ಕೆಲಸಕ್ಕೆ ಬರುತ್ತದೆ. ಯಾವ ದಿನಕ್ಕೆ ಸಿಕ್ಕಿತು ಎಂದು ನನಗೂ ತಿಳಿಸಿ.