ಸೋತವರಿಗೆ ಜಾಗವಿಲ್ಲದ ಗಣರಾಜ್ಯ: ಸ್ಪೇನ್ ಕುರಿತ ನಾಲ್ಕು ಪ್ರಶ್ನೆಗಳು

ಯುರೋಪಿನ ಸರ್ವಾಧಿಕಾರಿಗಳ ಬಗ್ಗೆ ಕಳೆದ ಬಾರಿ ಕೊಟ್ಟ ಉತ್ತರ ಓದಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಲವರು ಬರೆದಿದ್ದಾರೆ. ಹೆಚ್ಚಿನ ಪ್ರಶ್ನೆಗಳು ಸ್ಪೇನ್ ಬಗ್ಗೆ. ದಾವಣಗೆರೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇದಕ್ಕಿಂತ ಸಂತೋಷದ ಕೆಲಸವಿಲ್ಲ.

ಪ್ರಶ್ನೆ: ನಾನು ಹೊಳಲ್ಕೆರೆ ಕಡೆಯ ಪ್ರೌಢಶಾಲಾ ಶಿಕ್ಷಕ. 1931ರಲ್ಲಿ ಸ್ಪೇನ್ ಜನ ರಕ್ತಪಾತವಿಲ್ಲದೆ ರಾಜನನ್ನು ಕಳಿಸಿ ಗಣರಾಜ್ಯ ತಂದರು. 1936ರಲ್ಲಿ ಅಂತರ್ಯುದ್ಧ, 1939ರಿಂದ ಸರ್ವಾಧಿಕಾರ. ಅಷ್ಟು ಸಂಭ್ರಮದಿಂದ ಬಂದದ್ದು ಐದೇ ವರ್ಷದಲ್ಲಿ ಕುಸಿದದ್ದು ಹೇಗೆ? ಮಕ್ಕಳಿಗೆ ಒಂದೇ ಕಾರಣ ಹೇಳುವುದಾದರೆ ಯಾವುದನ್ನು ಹೇಳಲಿ?

ಮೇಷ್ಟ್ರೇ, ಮಕ್ಕಳಿಗೆ ಕಾರಣ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: ಚುನಾವಣೆಯಲ್ಲಿ ಸೋತವನಿಗೆ ಮರುದಿನ ಏನಾಗುತ್ತದೆ? ಸ್ಪೇನ್‌ನ ಕಥೆಯೆಲ್ಲ ಆ ಪ್ರಶ್ನೆಯ ಒಳಗೇ ಇದೆ ಎಂದು ನಾನು ನಂಬಿದ್ದೇನೆ.

ದಾವಣಗೆರೆಯ ವೃತ್ತಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಕೂಲಿಗೆ ಕಾದು ನಿಂತವರನ್ನು ನೀವು ನೋಡಿರುತ್ತೀರಿ. ದಕ್ಷಿಣ ಸ್ಪೇನ್‌ನ ಅಂದಲೂಸಿಯಾದಲ್ಲೂ ಹೀಗೆಯೇ. ಸಾವಿರಾರು ಎಕರೆಯ ಒಡೆತನ ಕೆಲವೇ ಮನೆತನಗಳದ್ದು. ಬೆಳಕು ಹರಿಯುವ ಹೊತ್ತಿಗೆ ಭೂಹೀನರು ಊರ ಚೌಕದಲ್ಲಿ ನಿಲ್ಲುತ್ತಿದ್ದರು. ಜಮೀನುದಾರನ ಮೇಸ್ತ್ರಿ ಬಂದು ಬೆರಳು ತೋರಿಸಿದವನಿಗೆ ಅಂದಿನ ಊಟ. ಸಂಘ ಕಟ್ಟಿದವನ ಕಡೆಗೆ ಆ ಬೆರಳು ತಿರುಗುತ್ತಿರಲಿಲ್ಲ. 1931ರಲ್ಲಿ ಬಂದ ಹೊಸ ಸರ್ಕಾರ, ಊರಿನ ಕೂಲಿಗಳಿಗೆಲ್ಲ ಕೆಲಸ ಸಿಗುವವರೆಗೆ ಹೊರಗಿನವರನ್ನು ಕರೆತರುವಂತಿಲ್ಲ ಎಂದಿತು, ಹೊಲದ ಕೆಲಸಕ್ಕೂ ಎಂಟು ಗಂಟೆಯ ಮಿತಿ ಹಾಕಿತು. ಬೆರಳು ತೋರಿಸುವವನ ಅಧಿಕಾರಕ್ಕೆ ಮೊದಲ ಬಾರಿ ಅಡ್ಡಿ ಬಂದದ್ದು ಆಗ. 1933ರ ನವೆಂಬರ್ ಚುನಾವಣೆಯಲ್ಲಿ ಎಡಪಕ್ಷಗಳು ಸೋತವು. 1934ರ ಮೇ ತಿಂಗಳಲ್ಲಿ ಊರಿನವರಿಗೆ ಮೊದಲ ಕೆಲಸ ಎಂಬ ನಿಯಮವೇ ರದ್ದಾಯಿತು. ಕೆಲಸ ಕೇಳಿ ಬಂದವರಿಗೆ ಜಮೀನುದಾರರು ಹೇಳುತ್ತಿದ್ದ ಮಾತು: ಹೋಗಿ, ನಿಮ್ಮ ಗಣರಾಜ್ಯವನ್ನೇ ತಿನ್ನಿ. ಮತ ಎಣಿಕೆಯಲ್ಲಿ ಸೋತದ್ದಕ್ಕೆ ಕೂಲಿಯವನು ತೆತ್ತ ದಂಡ ಹಸಿವು.

ಇನ್ನೊಂದು ಬದಿಯನ್ನೂ ನೋಡಬೇಕು. 1931ರ ಡಿಸೆಂಬರ್‌ನಲ್ಲಿ ಬಂದ ಸಂವಿಧಾನ ಮಹಿಳೆಯರಿಗೆ ಮತ ಕೊಟ್ಟಿತು, ವಿಚ್ಛೇದನಕ್ಕೆ ದಾರಿ ಮಾಡಿತು, ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪಾದ್ರಿಗಳ ಸಂಘಗಳು ಶಾಲೆ ನಡೆಸಕೂಡದು ಎಂದಿತು; ಮರುತಿಂಗಳು ಜೆಸ್ಯೂಟರ ಸಂಘವನ್ನೇ ವಿಸರ್ಜಿಸಲಾಯಿತು. ಅದಕ್ಕೂ ಮೊದಲು, 1931ರ ಮೇ ತಿಂಗಳಲ್ಲಿ, ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಕ್ರೈಸ್ತ ಮಠಗಳಿಗೆ ಬೆಂಕಿ ಬಿದ್ದಾಗ ಪಡೆಗಳನ್ನು ಕಳಿಸಲು ಸರ್ಕಾರ ಮೀನಮೇಷ ಎಣಿಸಿತ್ತು. ಎರಡು ಎಕರೆ ಗೋಧಿ ಬೆಳೆದು, ಭಾನುವಾರ ಚರ್ಚಿಗೆ ಹೋಗುತ್ತಿದ್ದ ಉತ್ತರ ಸ್ಪೇನ್‌ನ ರೈತ ಯಾರ ಶೋಷಕನೂ ಆಗಿರಲಿಲ್ಲ. ಈ ಗಣರಾಜ್ಯ ತನ್ನದಲ್ಲ ಎಂದು ಅವನಿಗೆ ಅನ್ನಿಸುವಂತೆ ಮಾಡಿದ್ದು ದೊಡ್ಡ ತಪ್ಪು. ಎಲ್ಲರೂ ಬಾಳಬೇಕಾದ ಮನೆಯ ತಳಪಾಯವನ್ನು ಒಂದು ಪಕ್ಷದ ಪ್ರಣಾಳಿಕೆಯಂತೆ ಬರೆದರು. ಆ ರೈತನ ಮತ ಹಿಲ್ ರೋಬ್ಲೆಸ್‌ನ ಬಲಪಂಥೀಯ ಒಕ್ಕೂಟ 'ಸೆಡಾ'ಕ್ಕೆ ಹೋಯಿತು.

ಬಡವರ ನಂಬಿಕೆಯನ್ನೂ ಸರ್ಕಾರ ಉಳಿಸಿಕೊಳ್ಳಲಿಲ್ಲ. ಭೂಸುಧಾರಣೆ ಕಾಯ್ದೆ 1932ರಲ್ಲಿ ಬಂತು; 1934ರ ಕೊನೆಯವರೆಗೆ ಭೂಮಿ ಸಿಕ್ಕಿದ್ದು ಸುಮಾರು 12,000 ಕುಟುಂಬಗಳಿಗೆ ಮಾತ್ರ. 1933ರ ಜನವರಿಯಲ್ಲಿ ಕಾಸಾಸ್ ವಿಯೆಹಾಸ್ ಎಂಬ ಹಳ್ಳಿಯ ಕೂಲಿಗಳು ದಂಗೆಯೆದ್ದರು. ಇದ್ದಿಲು ಸುಡುವ ಒಬ್ಬ ಮುದುಕ ಮನೆಯವರೊಂದಿಗೆ ತನ್ನ ಹುಲ್ಲಿನ ಗುಡಿಸಲಲ್ಲಿ ಅಡಗಿದ್ದ. ಊರಿನವರು ಅವನನ್ನು ಕರೆಯುತ್ತಿದ್ದದ್ದು 'ಆರು ಬೆರಳಿನವ' ಎಂದು. ಪೊಲೀಸರು ಗುಡಿಸಲಿಗೆ ಬೆಂಕಿ ಇಟ್ಟರು. ಆಮೇಲೆ ಮನೆಮನೆಯಿಂದ ಗಂಡಸರನ್ನು ಹಿಡಿದು ತಂದು, ಹೊಗೆಯಾಡುತ್ತಿದ್ದ ಆ ಬೂದಿಯ ಮುಂದೆಯೇ ಹನ್ನೆರಡು ಮಂದಿಗೆ ಗುಂಡಿಟ್ಟರು. ಇದು ನಡೆದದ್ದು ಬಡವರ ಹೆಸರಲ್ಲಿ ಬಂದ ಪ್ರಧಾನಿ ಅಸಾನ್ಯಾನ ಸರ್ಕಾರದ ಕಾಲದಲ್ಲಿ. ತರಗತಿಯಲ್ಲಿ ಈ ಗುಡಿಸಲಿನ ಕಥೆ ಹೇಳಿದ ದಿನ ನಾನು ಬೇರೆ ಪಾಠ ಮುಂದುವರಿಸಲು ಆಗುತ್ತಿರಲಿಲ್ಲ. ಹತ್ತು ತಿಂಗಳ ನಂತರದ ಚುನಾವಣೆಯಲ್ಲಿ ಸರ್ಕಾರವೇ ಬೇಡವೆನ್ನುವ ಅರಾಜಕತಾವಾದಿ ಸಂಘಗಳ ಕಾರ್ಮಿಕರು ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ.

ಆಮೇಲಿನದು ಇಳಿಜಾರು. ಅತಿ ದೊಡ್ಡ ಪಕ್ಷವಾಗಿ ಗೆದ್ದರೂ ಹಿಲ್ ರೋಬ್ಲೆಸ್ ಗಣರಾಜ್ಯಕ್ಕೆ ನಿಷ್ಠೆಯ ಮಾತು ಆಡಲಿಲ್ಲ. 1933ರಲ್ಲಿ ಜರ್ಮನಿಯಲ್ಲಿ, 1934ರ ಆರಂಭದಲ್ಲಿ ಆಸ್ಟ್ರಿಯಾದಲ್ಲಿ ಸಮಾಜವಾದಿಗಳನ್ನು ಹೊಸಕಿ ಹಾಕಿದ್ದನ್ನು ಸ್ಪೇನ್‌ನ ಸಮಾಜವಾದಿಗಳು ಕಣ್ಣಾರೆ ಕಂಡಿದ್ದರು. 1934ರ ಅಕ್ಟೋಬರ್‌ನಲ್ಲಿ ಸೆಡಾದ ಮೂವರು ಮಂತ್ರಿಗಳಾದಾಗ ಅವರು ಮುಷ್ಕರಕ್ಕೆ ಕರೆ ಕೊಟ್ಟರು; ಆಸ್ತೂರಿಯಾಸ್‌ನ ಗಣಿ ಕಾರ್ಮಿಕರು ಡೈನಮೈಟ್ ಹಿಡಿದು ಬೀದಿಗಿಳಿದರು. ಹದಿನೈದು ದಿನ ಕಾದಾಟ, ಸಾವಿರಕ್ಕೂ ಹೆಚ್ಚು ಸಾವು, ಹತ್ತಾರು ಸಾವಿರ ಜನ ಜೈಲಿಗೆ. ಅವರ ಭಯ ಸುಳ್ಳಲ್ಲ. ಆದರೆ ಚುನಾವಣೆಯಲ್ಲಿ ಗೆದ್ದ ಪಕ್ಷ ಮಂತ್ರಿಮಂಡಲ ಸೇರಿದ್ದಕ್ಕೆ ಆಯುಧ ಎತ್ತಿದ ಮೇಲೆ, ಎದುರಾಳಿ ಆಯುಧ ಎತ್ತಿದಾಗ ಕಾನೂನಿನ ಮಾತು ಆಡುವುದು ಕಷ್ಟ. ಆ ದಂಗೆಗೆ ದುಡಿದ ಸಮಾಜವಾದಿ ನಾಯಕ ಇಂದಲೇಸಿಯೊ ಪ್ರಿಯೆತೊ 1942ರಲ್ಲಿ, ದೇಶಭ್ರಷ್ಟನಾಗಿ ಮೆಕ್ಸಿಕೊದಲ್ಲಿದ್ದಾಗ, ಅದರಲ್ಲಿ ಭಾಗಿಯಾದ ತಪ್ಪು ತನ್ನದೆಂದು ಬಹಿರಂಗವಾಗಿ ಒಪ್ಪಿಕೊಂಡ. ಅಂಥ ಮಾತನ್ನು ಎದುರು ಪಾಳಯದ ಒಬ್ಬ ಜನರಲ್‌ನ ಬಾಯಲ್ಲಿ ನಾನು ಹುಡುಕಿ ಹುಡುಕಿ ಸೋತಿದ್ದೇನೆ.

ಆದ್ದರಿಂದಲೇ 'ಎರಡೂ ಕಡೆ ತಪ್ಪಿತ್ತು' ಎಂದು ತಕ್ಕಡಿ ಸಮ ಮಾಡಿ ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 1936ರ ಫೆಬ್ರುವರಿ 16ರಂದು ಎಡಪಕ್ಷಗಳ ಕೂಟವಾದ ಜನತಾರಂಗ ಗೆದ್ದಿತು. ಮತಗಳಲ್ಲಿ ಕೂದಲೆಳೆಯ ಅಂತರ, ಸ್ಥಾನಗಳಲ್ಲಿ ಭಾರಿ ಅಂತರ. ಇನ್ನೂ ಎಣಿಕೆ ನಡೆಯುತ್ತಿರುವಾಗಲೇ, ಆಗ ಸೇನೆಯ ಮುಖ್ಯಸ್ಥನಾಗಿದ್ದ, ಮುಂದೆ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೊ ಸೇನಾಡಳಿತ ಘೋಷಿಸಬೇಕೆಂದು ಒತ್ತಡ ಹಾಕಿದ. ಗಣರಾಜ್ಯ ದುರ್ಬಲವಾದದ್ದಕ್ಕೆ ಹಲವರು ಹೊಣೆ. ಅದನ್ನು ಕೊಂದವರು ಸಂಚು ಹೂಡಿದ ಜನರಲ್‌ಗಳು.

ಪ್ರಶ್ನೆ: ಸೈನ್ಯ ದಂಗೆಯೆದ್ದರೆ ಗೆಲ್ಲಬೇಕು, ಇಲ್ಲವೇ ಸೋಲಬೇಕು. ಮೂರು ವರ್ಷದ ಯುದ್ಧ ಏಕಾಯಿತು? ಹಲವು ಜನರಲ್‌ಗಳಿದ್ದಾಗ ಫ್ರಾಂಕೊ ಒಬ್ಬನೇ ಹೇಗೆ ಮೇಲೆ ಬಂದ? (ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ)

ದಂಗೆ ಅರ್ಧ ಗೆದ್ದು ಅರ್ಧ ಸೋತಿತು, ಅದಕ್ಕೇ ಯುದ್ಧವಾಯಿತು. 1936ರ ಜುಲೈ 17ರ ಸಂಜೆ ಮೊರೊಕ್ಕೊದ ಮೆಲಿಲ್ಲಾದಲ್ಲಿ ಅದು ಶುರುವಾಯಿತು. ಸೆವಿಲ್ಲೆ, ಸರಗೋಸಾ, ಪಾಂಪ್ಲೋನಾ ದಂಗೆಕೋರರ ಕೈಗೆ ಬಿದ್ದವು. ಬಾರ್ಸಿಲೋನಾದಲ್ಲಿ ಪೊಲೀಸ್ ಪಡೆಗಳು ಸರ್ಕಾರದ ಪರ ನಿಂತು, ಕಾರ್ಮಿಕರೂ ಜೊತೆಗೂಡಿದ್ದರಿಂದ ಅಲ್ಲಿ ದಂಗೆ ನೆಲಕಚ್ಚಿತು. ಮ್ಯಾಡ್ರಿಡ್‌ನದು ವಿಚಿತ್ರ ಪರಿಸ್ಥಿತಿ. ಜನರಿಗೆ ಕೊಡಲು ಸಾವಿರಗಟ್ಟಲೆ ಬಂದೂಕುಗಳಿದ್ದವು, ಆದರೆ ಅವುಗಳ ಬೋಲ್ಟುಗಳು ಬೇರೆ ಕಡೆ, ಮೊಂಟಾನ್ಯಾ ಸೇನಾ ವಸತಿಯಲ್ಲಿದ್ದವು. ಬೋಲ್ಟ್ ಇಲ್ಲದ ಬಂದೂಕು ಬರೀ ದೊಣ್ಣೆ. ಕೊಡುವುದಿಲ್ಲ ಎಂದರು ಅಲ್ಲಿನ ಅಧಿಕಾರಿಗಳು. ಜುಲೈ 20ರಂದು ಜನ ಆ ಕಟ್ಟಡಕ್ಕೇ ನುಗ್ಗಿದರು.

ಅದಕ್ಕೂ ಮೊದಲು, ಜುಲೈ 18ರ ರಾತ್ರಿ, ಕೆಲವೇ ಗಂಟೆಗಳ ಮಟ್ಟಿಗೆ ಪ್ರಧಾನಿಯಾಗಿದ್ದ ಮಾರ್ತಿನೆಸ್ ಬಾರ್ರಿಯೊ, ಸಂಚಿನ ಸೂತ್ರಧಾರ ಜನರಲ್ ಮೋಲಾನಿಗೆ ಫೋನ್ ಮಾಡಿ ರಾಜಿಗೆ ಕರೆದ. ಮೋಲಾ ಒಪ್ಪಲಿಲ್ಲ. ಮಾತಿನಿಂದ ಮುಗಿಸುವ ಕೊನೆಯ ಪ್ರಯತ್ನ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ದಂಗೆ ಕೆಲವು ವಾರಗಳಲ್ಲಿ ಸೊರಗಬಹುದಿತ್ತು. ಮೊರೊಕ್ಕೊದಲ್ಲಿದ್ದ ಫ್ರಾಂಕೊನ ಆಫ್ರಿಕಾ ಸೇನೆ ಜಿಬ್ರಾಲ್ಟರ್ ಜಲಸಂಧಿಯ ಆಚೆ ಸಿಕ್ಕಿಹಾಕಿಕೊಂಡಿತ್ತು, ಏಕೆಂದರೆ ನಾವಿಕರು ತಮ್ಮ ಅಧಿಕಾರಿಗಳ ವಿರುದ್ಧವೇ ತಿರುಗಿ ಹಡಗುಗಳನ್ನು ಗಣರಾಜ್ಯಕ್ಕೆ ಉಳಿಸಿದ್ದರು. ಆಗ ಆ ಸೇನೆಯನ್ನು ದಾಟಿಸಲು ಹಿಟ್ಲರ್ ಜಂಕರ್ಸ್ ವಿಮಾನಗಳನ್ನು ಕೊಟ್ಟ, ಮುಸೊಲಿನಿಯೂ ಕೈಜೋಡಿಸಿದ. ಬ್ರಿಟನ್ ಮತ್ತು ಫ್ರಾನ್ಸ್ ಮಧ್ಯಪ್ರವೇಶವಿಲ್ಲ ಎಂಬ ಒಪ್ಪಂದ ಮಾಡಿಸಿದವು. ಹಿಟ್ಲರ್, ಮುಸೊಲಿನಿ ಸಹಿ ಹಾಕಿಯೂ ಶಸ್ತ್ರ ಕಳಿಸುತ್ತಲೇ ಇದ್ದರು. ಚುನಾಯಿತ ಸರ್ಕಾರ ಮಾತ್ರ ಸೋವಿಯತ್ ಒಕ್ಕೂಟದ ಬಾಗಿಲಿಗೆ ಹೋಗಬೇಕಾಯಿತು, 510 ಟನ್ ಚಿನ್ನವನ್ನು ಅಲ್ಲಿಗೆ ಸಾಗಿಸಬೇಕಾಯಿತು. 1938ರ ಜೂನ್‌ನಲ್ಲಿ ಜವಾಹರಲಾಲ್ ನೆಹರು ಕೃಷ್ಣ ಮೆನನ್ ಜೊತೆ ಬಾರ್ಸಿಲೋನಾಕ್ಕೆ ಹೋಗಿ ಐದು ದಿನ ಇದ್ದರು. ಬಾಂಬು ಬೀಳುತ್ತಿದ್ದ ಊರು ಅದು.

ಫ್ರಾಂಕೊ ಮೇಲೆ ಬಂದದ್ದರಲ್ಲಿ ಅದೃಷ್ಟವೂ ಇದೆ. ದಂಗೆಗೆ ನಾಯಕನೆಂದು ಗೊತ್ತಾಗಿದ್ದ ಸಾನ್‌ಹುರ್ಹೊ ಮೂರೇ ದಿನಕ್ಕೆ ವಿಮಾನ ಅಪಘಾತದಲ್ಲಿ ಸತ್ತ. ಈತ 1932ರಲ್ಲೇ ಒಮ್ಮೆ ದಂಗೆಯೆದ್ದು ಸಿಕ್ಕಿಬಿದ್ದು, ಮರಣದಂಡನೆಯಿಂದ ಪಾರಾಗಿ, 1934ರಲ್ಲಿ ಕ್ಷಮಾದಾನ ಪಡೆದಿದ್ದವನು. ಬಂದೂಕು ಎತ್ತಿದ ಜನರಲ್‌ನನ್ನು ಎರಡೇ ವರ್ಷದಲ್ಲಿ ಬಿಟ್ಟುಬಿಟ್ಟರೆ ಉಳಿದ ಜನರಲ್‌ಗಳು ಏನು ಕಲಿಯುತ್ತಾರೆ, ಯೋಚಿಸಿ. ಅತ್ಯುತ್ತಮ ಸೇನೆ, ಜರ್ಮನ್ ನೆರವು ಎರಡೂ ಫ್ರಾಂಕೊನ ಕೈಯಲ್ಲಿದ್ದವು. 1936ರ ಅಕ್ಟೋಬರ್ 1ರಂದು ಆತ ಮುಖ್ಯಸ್ಥನಾದ. 1937ರ ಏಪ್ರಿಲ್‌ನಲ್ಲಿ ತನ್ನ ಕಡೆಯ ಪಕ್ಷಗಳನ್ನೆಲ್ಲ ಒಂದೇ ಆಜ್ಞೆಯಿಂದ ಒಂದೇ ಪಕ್ಷ ಮಾಡಿದ. ಅದೇ ಜೂನ್‌ನಲ್ಲಿ ಮೋಲಾನೂ ವಿಮಾನ ಬಿದ್ದು ಸತ್ತ. ಯುದ್ಧ ಮುಗಿಯುವ ಎರಡು ವರ್ಷ ಮೊದಲೇ ಸರ್ವಾಧಿಕಾರ ಸಿದ್ಧವಾಗಿತ್ತು.

ಪ್ರಶ್ನೆ: ದುರ್ಗದ ಕೋಟೆ ಹೊರಗಿನವರಿಂದ ಬೀಳಲಿಲ್ಲ, ಒಳಗಿನವರ ದ್ರೋಹದಿಂದ ಬಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಸ್ಪೇನ್ ಗಣರಾಜ್ಯವನ್ನು ಕೆಡವಿದ್ದೂ ಒಳಗಿನ 'ಐದನೆಯ ಪಡೆ'ಯೇ? (ಚಿತ್ರದುರ್ಗದ ಓದುಗರು)

ಓಬವ್ವ ಕಾದ ಕಿಂಡಿಯನ್ನು ನೋಡುತ್ತ ಬೆಳೆದವರು ನಾವು. ಪ್ರತಿ ಸೋಲಿಗೂ ಒಂದು ಕಿಂಡಿ ಹುಡುಕುವುದು ನಮಗೆ ಸಹಜ. ಆದರೆ ಸ್ಪೇನ್ ವಿಷಯದಲ್ಲಿ ಆ ಹುಡುಕಾಟವೇ ಅನಾಹುತ ಮಾಡಿತು. ನಾಲ್ಕು ಪಡೆಗಳು ಮ್ಯಾಡ್ರಿಡ್ ಕಡೆ ಬರುತ್ತಿವೆ, ಐದನೆಯದು ನಗರದ ಒಳಗೇ ಇದೆ ಎಂಬ ಮಾತು ಮೋಲಾನ ಹೆಸರಲ್ಲಿ ಹಬ್ಬಿತು. 1936ರ ನವೆಂಬರ್‌ನಲ್ಲಿ ಶತ್ರು ನಗರದ ಅಂಚಿಗೆ ಬಂದಾಗ, ಜೈಲಿನಲ್ಲಿದ್ದ ಬಲಪಂಥೀಯ ಕೈದಿಗಳನ್ನು ಬಸ್ಸುಗಳಲ್ಲಿ ತುಂಬಿ ಪರಾಕುಯೆಲ್ಲೋಸ್ ಎಂಬ ಹಳ್ಳಿಗೆ ಒಯ್ದು ಕೊಂದರು. ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಗಣರಾಜ್ಯವನ್ನು ಪ್ರೀತಿಸುವ ನನ್ನಂಥವರು ಈ ಪುಟವನ್ನು ಮಡಚಿಡಬಾರದು. ಫ್ರಾಂಕೊ ಕಡೆಯವರು ಯುದ್ಧರಂಗದ ಹೊರಗೆ ಕೊಂದವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು, ಅದು ಮೇಲಿನವರ ಆಜ್ಞೆಯಂತೆ ನಡೆಯಿತು, ಯುದ್ಧ ಮುಗಿದ ಮೇಲೂ ನಿಲ್ಲಲಿಲ್ಲ. ಕವಿ ಲೋರ್ಕಾನನ್ನು ಗ್ರನಾಡಾದ ಹತ್ತಿರ ಕೊಂದದ್ದು ಯುದ್ಧದ ಎರಡನೇ ತಿಂಗಳಲ್ಲೇ.

ಕೊನೆಯಲ್ಲಿ, 1939ರ ಮಾರ್ಚ್‌ನಲ್ಲಿ, ಕರ್ನಲ್ ಕಸಾಡೊ ಒಳಗಿನಿಂದಲೇ ಸರ್ಕಾರವನ್ನು ಉರುಳಿಸಿ ಶರಣಾಗತಿಗೆ ದಾರಿ ಮಾಡಿದ್ದು ನಿಜ. ಆದರೆ ಅಷ್ಟರಲ್ಲೇ ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯ ಕೈಬಿಟ್ಟಿತ್ತು, ಸುಮಾರು ಐದು ಲಕ್ಷ ಜನ ಚಳಿಯಲ್ಲಿ ಫ್ರಾನ್ಸ್ ಗಡಿ ದಾಟಿದ್ದರು, ಬ್ರಿಟನ್ ಮತ್ತು ಫ್ರಾನ್ಸ್ ಫ್ರಾಂಕೊನಿಗೆ ಮಾನ್ಯತೆ ಕೊಟ್ಟಾಗಿತ್ತು.

ಪ್ರಶ್ನೆ: ಮಹಿಳೆಯರಿಗೆ ಮತ ಕೊಟ್ಟದ್ದರಿಂದಲೇ 1933ರಲ್ಲಿ ಎಡಪಕ್ಷಗಳು ಸೋತವು ಎಂದು ಒಂದು ಕಡೆ ಓದಿದೆ. ಇದು ಸರಿಯೇ? (ಗೃಹಿಣಿ, ದಾವಣಗೆರೆ)

ಸರಿಯಲ್ಲ ತಾಯಿ. ಆದರೆ ಆ ಅಪವಾದ ಹಳೆಯದು. 1931ರ ಅಕ್ಟೋಬರ್ 1ರಂದು ಸಂಸತ್ತಿನಲ್ಲಿ ಈ ವಿಷಯದ ಮೇಲೆ ವಾದಿಸಿದ ಇಬ್ಬರೂ ಮಹಿಳೆಯರೇ, ಇಬ್ಬರೂ ವಕೀಲರೇ. ಮಹಿಳೆಯರು ಪಾದ್ರಿಗಳ ಮಾತು ಕೇಳಿ ಮತ ಹಾಕುತ್ತಾರೆ, ಸದ್ಯಕ್ಕೆ ಬೇಡ ಎಂದಳು ವಿಕ್ಟೋರಿಯಾ ಕೆಂಟ್. ಯಾರಿಗೆ ಹಾಕುತ್ತಾರೆ ಎಂದು ನೋಡಿ ಹಕ್ಕು ಕೊಡುವುದಲ್ಲ ಎಂಬುದು ಕ್ಲಾರಾ ಕಂಪೊಅಮೋರ್‌ಳ ನಿಲುವು. 161ಕ್ಕೆ 121 ಮತಗಳಿಂದ ಕ್ಲಾರಾ ಗೆದ್ದಳು. 1933ರಲ್ಲಿ ಎಡಪಕ್ಷಗಳು ಸೋತದ್ದು ಒಡೆದು ಹೋಳಾಗಿ ಸ್ಪರ್ಧಿಸಿದ್ದಕ್ಕೆ, ಒಟ್ಟಾಗಿ ನಿಂತವರಿಗೇ ಹೆಚ್ಚು ಸ್ಥಾನ ಸಿಗುವ ಚುನಾವಣಾ ಪದ್ಧತಿ ಇದ್ದದ್ದಕ್ಕೆ. 1936ರಲ್ಲಿ ಅದೇ ಮಹಿಳೆಯರು ಮತ ಹಾಕಿದರು, ಒಂದಾಗಿ ನಿಂತ ಎಡಪಕ್ಷಗಳು ಗೆದ್ದವು. ಆದರೂ ಸೋಲಿನ ಹೊರೆಯನ್ನು ಕ್ಲಾರಾಳ ತಲೆಯ ಮೇಲೆ ಹೊರಿಸಿದರು. ಯುದ್ಧ ಶುರುವಾದಾಗ ದೇಶ ಬಿಟ್ಟ ಆಕೆ 1972ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ತೀರಿಕೊಂಡಳು.

ಫ್ರಾಂಕೊನ ಆಳ್ವಿಕೆಯಲ್ಲಿ ವಿವಾಹಿತೆಯೊಬ್ಬಳು ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಗಂಡನ ಒಪ್ಪಿಗೆ ಬೇಕಿತ್ತು. ಆ ಕಾನೂನು ಹೋದದ್ದು 1975ರಲ್ಲಿ. ಅದೇ ವರ್ಷ ನವೆಂಬರ್ 20ರಂದು ಫ್ರಾಂಕೊ ಸತ್ತ ಸುದ್ದಿಯನ್ನು ನಾನು ಕಾಲೇಜು ಹುಡುಗನಾಗಿ ದಾವಣಗೆರೆಯ ವಾಚನಾಲಯದಲ್ಲಿ ಓದಿದೆ. ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂದು ಐದು ತಿಂಗಳಾಗಿತ್ತು. ಪಕ್ಕದಲ್ಲಿದ್ದವರು ಯಾರೂ ಆ ಸುದ್ದಿಯ ಬಗ್ಗೆ ಗಟ್ಟಿಯಾಗಿ ಮಾತಾಡಲಿಲ್ಲ. 1977ರ ಮಾರ್ಚ್‌ನಲ್ಲಿ ನಾವು ಮತ ಹಾಕಿದೆವು, ಸೋತ ಪ್ರಧಾನಿ ಕುರ್ಚಿ ಬಿಟ್ಟು ಇಳಿದರು. ಮೂರು ತಿಂಗಳ ನಂತರ, ಜೂನ್ 15ರಂದು, ಸ್ಪೇನ್ ಮತ ಹಾಕಿತು. ಗಣರಾಜ್ಯದಲ್ಲಿ ಮತದಾನಕ್ಕೆ 23 ವರ್ಷ ತುಂಬಿರಬೇಕಿತ್ತು. 1936ರಲ್ಲಿ ಆ ವಯಸ್ಸಿಗೆ ಬಂದು ಮುಕ್ತ ಚುನಾವಣೆಯಲ್ಲಿ ಒಮ್ಮೆ ಮಾತ್ರ ಮತ ಹಾಕಿದ್ದ ಹೆಣ್ಣುಮಗಳು ಅಂಥ ಎರಡನೇ ಚುನಾವಣೆಗೆ ಮತಗಟ್ಟೆಯ ಸಾಲಿನಲ್ಲಿ ನಿಂತಾಗ ಅವಳಿಗೆ 64 ವರ್ಷ.