ಮೂರು ಮೀಟರು, ಮೂರು ಉತ್ತರ: ಯಾವುದನ್ನು ನಂಬುವುದು?

ಪ್ರಶ್ನೆ: ಹಾವೇರಿಯಲ್ಲಿ ಯುಪಿಎಸ್ ಮತ್ತು ಸೋಲಾರ್ ಬ್ಯಾಟರಿ ದುರಸ್ತಿಯ ಅಂಗಡಿ ನಡೆಸುತ್ತಿದ್ದೇನೆ. ನನ್ನಲ್ಲಿರುವ ಮೂರು ಡಿಜಿಟಲ್ ಮಲ್ಟಿಮೀಟರುಗಳಿಂದ ಒಂದೇ ಬ್ಯಾಟರಿಯನ್ನು ಅಳೆದರೆ ಒಂದು 12.61, ಇನ್ನೊಂದು 12.48, ಮತ್ತೊಂದು 12.72 ವೋಲ್ಟ್ ತೋರಿಸುತ್ತದೆ. ಪ್ರಯೋಗಾಲಯಕ್ಕೆ ಕಳುಹಿಸಿ ಕ್ಯಾಲಿಬ್ರೇಶನ್ ಮಾಡಿಸಿದರೆ ಮೀಟರಿನ ಬೆಲೆಗಿಂತ ಶುಲ್ಕವೇ ಹೆಚ್ಚಾಗುತ್ತದೆ. ಮೀಟರುಗಳನ್ನು ತಾಳೆ ನೋಡಲು ಕಡಿಮೆ ಖರ್ಚಿನ, ನಂಬಿಕೆಯ ವೋಲ್ಟೇಜ್ ರೆಫರೆನ್ಸ್, ಅಂದರೆ ಗೊತ್ತಾದ ವೋಲ್ಟೇಜನ್ನು ಸ್ಥಿರವಾಗಿ ಕೊಡುವ ಆಧಾರ, ಸಿಗುತ್ತದೆಯೇ? ಹೊಸ ಪೆನ್‌ಸೆಲ್ ಅಥವಾ 5 ವೋಲ್ಟ್ ಕೊಡುವ 7805 ಐಸಿ ಸಾಲದೇ?

ಉತ್ತರ: ನಿಮ್ಮ ಚಿಂತೆ ಸಕಾರಣವಾದುದು. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಪೂರ್ಣ ಚಾರ್ಜಿನಲ್ಲಿ ಸುಮಾರು 12.7 ವೋಲ್ಟನ್ನೂ ಅರ್ಧ ಚಾರ್ಜಿನಲ್ಲಿ ಸುಮಾರು 12.2 ವೋಲ್ಟನ್ನೂ ತೋರಿಸುತ್ತದೆ. ಅಂದರೆ ನಿಮ್ಮ ಮೀಟರುಗಳ ನಡುವಿನ 0.24 ವೋಲ್ಟಿನ ಅಂತರವು ಸುಮಾರು ಕಾಲು ಭಾಗ ಚಾರ್ಜಿಗೆ ಸಮ. ಗಿರಾಕಿಗೆ ಬ್ಯಾಟರಿ ಚೆನ್ನಾಗಿದೆ ಎನ್ನಬೇಕೋ ಬದಲಾಯಿಸಿ ಎನ್ನಬೇಕೋ ಎಂಬ ತೀರ್ಮಾನವೇ ಇದರಿಂದ ಅದಲುಬದಲಾಗಬಹುದು.

ಖರ್ಚಿಗೆ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಮೂರೂವರೆ ಅಂಕಿಯ, ಅಂದರೆ ಹೆಚ್ಚೆಂದರೆ 1999ರವರೆಗೆ ತೋರಿಸುವ, ಅಗ್ಗದ ಮೀಟರುಗಳ ಕೈಪಿಡಿಯಲ್ಲಿ ಡಿಸಿ ವೋಲ್ಟೇಜಿಗೆ ಸಾಮಾನ್ಯವಾಗಿ 0.5 ಶೇಕಡಾ ಮತ್ತು ಕೊನೆಯ ಅಂಕಿಯಲ್ಲಿ 2ರಷ್ಟು ವ್ಯತ್ಯಾಸಕ್ಕೆ ಅವಕಾಶವಿರುತ್ತದೆ. 20 ವೋಲ್ಟಿನ ರೇಂಜಿನಲ್ಲಿ, 12.6 ವೋಲ್ಟಿನ ಸುಮಾರಿಗೆ, ಇದು ಎರಡೂ ಬದಿಗೆ 0.083 ವೋಲ್ಟ್ ಆಗುತ್ತದೆ. ನಿಮ್ಮ ಮೂರು ಮೀಟರುಗಳೂ ಈ ದರ್ಜೆಯವೇ ಎಂದಿಟ್ಟುಕೊಂಡರೆ, 12.61 ಮತ್ತು 12.48 ಎರಡೂ ತಮ್ಮ ಮಿತಿಯೊಳಗೇ ಇರಬಹುದು, ಏಕೆಂದರೆ ನಿಜವಾದ ಮೌಲ್ಯ 12.55ರ ಹತ್ತಿರವಿದ್ದರೆ ಇಬ್ಬರ ಮಾತೂ ಸಲ್ಲುತ್ತದೆ. ಆದರೆ 12.48 ಮತ್ತು 12.72 ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ. ಅವುಗಳಲ್ಲಿ ಒಂದಂತೂ ಮಿತಿ ಮೀರಿದೆ. ಹೆಚ್ಚು ತೋರಿಸುವ ಮೀಟರಿನ ಒಳಗಿನ 9 ವೋಲ್ಟಿನ ಬ್ಯಾಟರಿಯನ್ನು ಮೊದಲು ಬದಲಾಯಿಸಿ ನೋಡಿ. ಅಗ್ಗದ ಮೀಟರುಗಳಲ್ಲಿ ಆ ಬ್ಯಾಟರಿ ಸೊರಗಿದಾಗ ಒಳಗಿನ ರೆಫರೆನ್ಸ್ ಕುಸಿದು, ಪರದೆಯ ಮೇಲಿನ ಅಂಕಿ ಮೇಲಕ್ಕೆ ಸರಿಯುವುದು ಬಹಳ ಸಾಮಾನ್ಯವಾದ ದೋಷ.

ಪೆನ್‌ಸೆಲ್ ಮತ್ತು 7805 ಎರಡೂ ಈ ಕೆಲಸಕ್ಕೆ ಆಗುವುದಿಲ್ಲ. ಹೊಸ ಆಲ್ಕಲೈನ್ ಸೆಲ್ 1.55ರಿಂದ 1.65 ವೋಲ್ಟಿನ ನಡುವೆ ಎಲ್ಲಿ ಬೇಕಾದರೂ ಇರಬಹುದು. 7805ರ ಡೇಟಾಶೀಟು 4.8ರಿಂದ 5.2 ವೋಲ್ಟಿನವರೆಗೆ, ಅಂದರೆ ಶೇಕಡಾ 4ರಷ್ಟು ಆಚೀಚೆಯಾಗಲು ಅವಕಾಶ ಕೊಡುತ್ತದೆ. ಅದರಿಂದ ಶೇಕಡಾ ಅರ್ಧದ ಮೀಟರನ್ನು ಪರೀಕ್ಷಿಸುವುದೆಂದರೆ ಬಟ್ಟೆ ಅಳೆಯುವ ಗಜಕಡ್ಡಿಯನ್ನು ಗೇಣಿನಿಂದ ಪರೀಕ್ಷಿಸಿದಂತೆ. ಪರೀಕ್ಷಿಸುವ ಆಧಾರವು ಪರೀಕ್ಷೆಗೊಳಗಾಗುವ ಮೀಟರಿಗಿಂತ ಕನಿಷ್ಠ ನಾಲ್ಕು ಪಟ್ಟು ನಿಖರವಾಗಿರಬೇಕೆಂಬುದು ಅಳತೆಯ ಕ್ಷೇತ್ರದಲ್ಲಿ ರೂಢಿಯಲ್ಲಿರುವ ನಿಯಮ.

ನಿಮಗೆ ಹೊಂದುವುದು ಎಡಿ584 ಎಂಬ ಚಿಪ್ಪನ್ನು ಕೂರಿಸಿದ ಸಿದ್ಧ ಮಾಡ್ಯೂಲ್. ಇದು 10, 7.5, 5 ಮತ್ತು 2.5 ವೋಲ್ಟ್ ಕೊಡುತ್ತದೆ, ಆನ್‌ಲೈನ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಮತ್ತು 12 ವೋಲ್ಟಿನ ಬ್ಯಾಟರಿಗಳೊಡನೆ ಕೆಲಸ ಮಾಡುವ ನಿಮಗೆ ಅದರ 10 ವೋಲ್ಟ್ ಅತ್ಯಂತ ಉಪಯುಕ್ತ. ಕೊಳ್ಳುವಾಗ ಚಿಪ್ಪಿನ ಹೆಸರಿಗಿಂತ ಅದರ ಕೊನೆಯಲ್ಲಿರುವ ದರ್ಜೆಯ ಅಕ್ಷರವನ್ನು ಗಮನಿಸಬೇಕು. 10 ವೋಲ್ಟಿನಲ್ಲಿ ಜೆ ದರ್ಜೆಯ ಚಿಪ್ 30 ಮಿಲಿವೋಲ್ಟ್‌ವರೆಗೆ, ಕೆ ದರ್ಜೆಯದು 10 ಮಿಲಿವೋಲ್ಟ್‌ವರೆಗೆ, ಎಲ್ ದರ್ಜೆಯದು 5 ಮಿಲಿವೋಲ್ಟ್‌ವರೆಗೆ ತಪ್ಪಿರಬಹುದು. ಜೆ ದರ್ಜೆಯ ಶೇಕಡಾ 0.3ರ ತಪ್ಪು ನಾಲ್ಕು ಪಟ್ಟಿನ ನಿಯಮಕ್ಕೆ ಹೊಂದುವುದಿಲ್ಲ. ಕೆ ಮತ್ತು ಎಲ್ ಹೊಂದುತ್ತವೆ. ಲೋಹದ ಡಬ್ಬಿಯ ಮೇಲೆ ಎಲ್ ಎಂದು ಮುದ್ರಿಸಿ ಒಳಗೆ ಕೆಳದರ್ಜೆಯ ಅಥವಾ ಹಳೆಯ ಬೋರ್ಡಿನಿಂದ ಕಿತ್ತ ಚಿಪ್ ಕೊಡುವವರೂ ಇರುವುದರಿಂದ, ಆ ಅಕ್ಷರವೊಂದನ್ನೇ ನಂಬಿ ಹೆಚ್ಚು ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ದಾರಿ ಯಾವುದು? ರೆಫರೆನ್ಸ್ ಎಷ್ಟು ನಿಖರವಾಗಿದೆ ಎಂಬುದಕ್ಕಿಂತ ಅದು ಎಷ್ಟು ಸ್ಥಿರವಾಗಿದೆ ಎಂಬುದು ಮುಖ್ಯ. ನಿಖರತೆಯನ್ನು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಬಹುದು. ಸ್ಥಿರತೆಯನ್ನು ಮಾತ್ರ ಚಿಪ್ಪೇ ಕೊಡಬೇಕು. ಜೆ ದರ್ಜೆಯ ಎಡಿ584 ಉಷ್ಣತೆ ಒಂದು ಡಿಗ್ರಿ ಬದಲಾದರೆ ಹೆಚ್ಚೆಂದರೆ 30 ಪಿಪಿಎಂ, ಅಂದರೆ ದಶಲಕ್ಷದಲ್ಲಿ 30 ಭಾಗದಷ್ಟು ಬದಲಾಗುತ್ತದೆ. ಜನವರಿಯ ಬೆಳಗಿನ 20 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೆ ಏರಿದರೂ 10 ವೋಲ್ಟಿನಲ್ಲಿ ಆಗುವ ವ್ಯತ್ಯಾಸ ಐದೂವರೆ ಮಿಲಿವೋಲ್ಟನ್ನು ದಾಟದು. ನಿಮ್ಮ ಮೀಟರಿನ 20 ವೋಲ್ಟಿನ ರೇಂಜಿನಲ್ಲಿ ಕೊನೆಯ ಅಂಕಿಯೇ 10 ಮಿಲಿವೋಲ್ಟ್ ಆಗಿರುವುದರಿಂದ ಈ ಏರಿಳಿತ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಅಗ್ಗದ ಜೆ ದರ್ಜೆಯದನ್ನೇ ಕೊಂಡು, ಒಮ್ಮೆ ಒಳ್ಳೆಯ ಮೀಟರಿನಲ್ಲಿ ಅಳೆಸಿಟ್ಟುಕೊಂಡರೆ ನಿಮ್ಮ ಅಂಗಡಿಗೆ ಧಾರಾಳವಾಗಿ ಸಾಕು.

ಅಳೆಸಲು ನಿಮ್ಮ ಊರಿನ ಅಥವಾ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗವನ್ನು ವಿನಂತಿಸಿಕೊಳ್ಳಿ. ಆರೂವರೆ ಅಂಕಿಯ 34401ಎ ಮಾದರಿಯ ಮೀಟರು ಅಲ್ಲಿದ್ದು, ಅದರ ಕ್ಯಾಲಿಬ್ರೇಶನ್ ಒಂದು ವರ್ಷದೊಳಗೆ ಆಗಿದ್ದರೆ, 10 ವೋಲ್ಟನ್ನು ಸುಮಾರು 0.4 ಮಿಲಿವೋಲ್ಟಿನ ಅನಿಶ್ಚಿತತೆಯೊಳಗೆ ಅದು ತಿಳಿಸುತ್ತದೆ. ಮಾಡ್ಯೂಲನ್ನು ಇಪ್ಪತ್ತು ನಿಮಿಷ ಚಾಲನೆಯಲ್ಲಿಟ್ಟು, ನಾಲ್ಕೂ ಮೌಲ್ಯಗಳನ್ನು ಅಳೆದು, ದಿನಾಂಕ ಮತ್ತು ಕೋಣೆಯ ಉಷ್ಣತೆಯೊಂದಿಗೆ ಒಂದು ಚೀಟಿಯಲ್ಲಿ ಬರೆದು ಮಾಡ್ಯೂಲಿನ ಬೆನ್ನಿಗೆ ಅಂಟಿಸಿ. ಅಳೆಯುವಾಗ ಚಿಪ್ಪಿನ ಲೋಹದ ಡಬ್ಬಿಯನ್ನು ಮುಟ್ಟಬಾರದು. ನನ್ನ ಮೇಜಿನ ಮೇಲೆ ಒಮ್ಮೆ ಅದರ ಮೇಲೆ ಬೆರಳಿಟ್ಟಾಗ ಬೆಂಚ್ ಮೀಟರಿನ ಕೊನೆಯ ಅಂಕಿಗಳು ನಿಧಾನವಾಗಿ ಸರಿಯತೊಡಗಿ, ಬೆರಳು ತೆಗೆದ ಮೇಲೂ ಹಿಂದಿರುಗಲು ಎರಡು ಮೂರು ನಿಮಿಷ ಹಿಡಿಯಿತು. ಕೆಲವು ಮಾರಾಟಗಾರರು ತಾವೇ ಅಳೆದ ಮೌಲ್ಯದ ಚೀಟಿಯನ್ನು ಜೊತೆಗೆ ಕೊಡುತ್ತಾರೆ. ಅದು ಉಪಯುಕ್ತ ಸೂಚನೆ, ಆದರೆ ಯಾವ ಮೀಟರಿನಿಂದ ಅಳೆದರೆಂಬುದು ತಿಳಿಯದಿರುವಾಗ ಪ್ರಮಾಣವಲ್ಲ.

ವಿದ್ಯುತ್ ಪೂರೈಕೆಯ ವಿಷಯದಲ್ಲಿ ಎಚ್ಚರಿಕೆ ಬೇಕು. 10 ವೋಲ್ಟ್ ಕೊಡಲು ಎಡಿ584ಕ್ಕೆ ಕನಿಷ್ಠ 12.5 ವೋಲ್ಟ್ ಒಳಗೆ ಬರಬೇಕು. ನನ್ನ ಮಾಡ್ಯೂಲು ಒಂದು ದಿನ ಇದ್ದಕ್ಕಿದ್ದಂತೆ 9.7 ವೋಲ್ಟ್ ತೋರಿಸಿದಾಗ ಮೀಟರನ್ನೇ ಸಂಶಯಿಸಿ ಅರ್ಧ ದಿನ ಕಳೆದೆ. ಸೊರಗಿದ್ದುದು ಮಾಡ್ಯೂಲಿನ ಬ್ಯಾಟರಿ. 5 ಮತ್ತು 2.5 ವೋಲ್ಟ್ ಸರಿಯಾಗಿದ್ದು 10 ಮಾತ್ರ ಇಳಿದಿದ್ದರೆ ಕಾರಣ ಇದೇ ಎಂದು ತಿಳಿಯಿರಿ. 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಕೊಡುವುದು ಅತ್ಯಂತ ನೆಮ್ಮದಿಯ ವ್ಯವಸ್ಥೆ. ಬೆಸುಗೆಯ ಕೆಲಸ ಬಲ್ಲ ನೀವು ಸ್ವಂತವಾಗಿ ಕಟ್ಟುವುದಾದರೆ ಆರ್‌ಇಎಫ್102 ಎಂಬ ಎಂಟು ಕಾಲಿನ 10 ವೋಲ್ಟಿನ ಚಿಪ್ ಬೆಲೆಯಲ್ಲಿ ಹೆಚ್ಚಾದರೂ ಇನ್ನೂ ಉತ್ತಮ: ಅದರ ಸಿ ದರ್ಜೆಯ ತಪ್ಪು 2.5 ಮಿಲಿವೋಲ್ಟ್, ಉಷ್ಣತೆಯ ಬದಲಾವಣೆ ಡಿಗ್ರಿಗೆ 2.5 ಪಿಪಿಎಂ ಮಾತ್ರ, ಮತ್ತು ಅದೇ 18 ವೋಲ್ಟಿನಲ್ಲಿ ಅದು ನಡೆಯುತ್ತದೆ. ಆದರೆ ಅಧಿಕೃತ ವಿತರಕರಿಂದ ಮಾತ್ರ ಕೊಳ್ಳಿ.

ಗುತ್ತಿಗೆ ಕೆಲಸಕ್ಕೆ ಅಥವಾ ಆಡಿಟ್‌ಗೆ ಪ್ರಮಾಣಪತ್ರ ಬೇಕಾದಾಗ ಈ ಮನೆಯ ಏರ್ಪಾಡು ನಡೆಯದು. ನಮ್ಮ ದೇಶದ ವೋಲ್ಟ್ ಮಾನಕ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದ್ದು, ಅಲ್ಲಿಯವರೆಗಿನ ಹೋಲಿಕೆಯ ಸರಪಳಿಯನ್ನು ತೋರಿಸುವ ಪ್ರಮಾಣಪತ್ರವನ್ನು, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಪಡೆದ ಪ್ರಯೋಗಾಲಯಗಳು ಕೊಡುತ್ತವೆ. ಅಂಥ ಸಂದರ್ಭಕ್ಕೆ ನಿಮ್ಮ ಮೀಟರುಗಳ ಪೈಕಿ ಒಳ್ಳೆಯದೊಂದನ್ನು ಮಾತ್ರ ಕಳುಹಿಸಿದರೆ ಸಾಕು.

ಪ್ರಶ್ನೆ: ನಾನು ನಿವೃತ್ತ ಭೌತಶಾಸ್ತ್ರ ಅಧ್ಯಾಪಕ. ನಮ್ಮ ಕಾಲೇಜಿನ ಹಳೆಯ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ವೆಸ್ಟನ್ ಸ್ಟ್ಯಾಂಡರ್ಡ್ ಸೆಲ್ ಇದೆ. ವೋಲ್ಟ್‌ಮೀಟರ್ ಪರೀಕ್ಷೆಗೆ ಅದನ್ನೇ ಬಳಸಬಹುದೇ?

ಉತ್ತರ: ಅಂಥ ಸೆಲ್ಲನ್ನು ಕಂಡಾಗ ಯಾರಿಗಾದರೂ ಗೌರವ ಮೂಡುತ್ತದೆ. ಎಡ್ವರ್ಡ್ ವೆಸ್ಟನ್ 1893ರಲ್ಲಿ ರೂಪಿಸಿದ ಈ ಪಾದರಸ-ಕ್ಯಾಡ್ಮಿಯಂ ಸೆಲ್ 1911ರಿಂದ ಅಂತರರಾಷ್ಟ್ರೀಯ ಮಾನದಂಡವಾಗಿತ್ತು. 1990ರ ಹೊತ್ತಿಗೆ ಆ ಸ್ಥಾನ ಅತಿವಾಹಕಗಳಲ್ಲಿ ಕಾಣುವ ಜೋಸೆಫ್‌ಸನ್ ಪರಿಣಾಮವನ್ನು ಬಳಸುವ ಉಪಕರಣಗಳಿಗೆ ಸಂದಿತು. ಸಂತೃಪ್ತ (ಸ್ಯಾಚುರೇಟೆಡ್) ಬಗೆಯ ಸೆಲ್ 20 ಡಿಗ್ರಿಯಲ್ಲಿ 1.0186 ವೋಲ್ಟ್ ಕೊಡುತ್ತದೆ. ಅದು ಆರೋಗ್ಯವಾಗಿದ್ದರೆ ಕೈಮೀಟರಿಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ನಿಖರ.

ತೊಡಕಿರುವುದು ಅದು ಆರೋಗ್ಯವಾಗಿದೆಯೇ ಎಂಬುದನ್ನು ತಿಳಿಯುವುದರಲ್ಲಿ. ಈ ಸೆಲ್ಲಿನಿಂದ ವಿದ್ಯುತ್ತನ್ನು ಎಳೆಯಲೇಬಾರದು. ಪೊಟೆನ್ಶಿಯೋಮೀಟರಿನಲ್ಲಿ ಸಮತೋಲನ ಬಿಂದುವಿನ ಬಳಿ ಮಾತ್ರ ಕೀಲಿ ಒತ್ತುತ್ತಿದ್ದುದು ಅದಕ್ಕಾಗಿಯೇ ಎಂಬುದು ನಿಮಗೆ ನೆನಪಿರಬಹುದು. 10 ಮೆಗಾಓಮಿನ ಡಿಜಿಟಲ್ ಮೀಟರು ಮೈಕ್ರೊಆಂಪಿಯರಿನ ಹತ್ತನೇ ಒಂದು ಭಾಗವನ್ನಷ್ಟೇ ಎಳೆಯುತ್ತದೆ, ಆದರೆ ವೋಲ್ಟಿಗೆ 20 ಕಿಲೋಓಮಿನ ಮುಳ್ಳಿನ ಮೀಟರು 2.5 ವೋಲ್ಟಿನ ರೇಂಜಿನಲ್ಲಿ ಅದರ ಇನ್ನೂರು ಪಟ್ಟು ಎಳೆಯುತ್ತದೆ. ದಶಕಗಳ ಕಾಲ ಎಷ್ಟು ವಿದ್ಯಾರ್ಥಿಗಳು ಅದನ್ನು ತಪ್ಪಾಗಿ ಜೋಡಿಸಿದ್ದರೋ, ಎಷ್ಟು ಸಲ ಅದು ಮಗುಚಿತ್ತೋ ಹೇಳುವವರಿಲ್ಲ. ಹಾಗಾಗಿ ಅದನ್ನು ಆಧಾರವಾಗಿ ಬಳಸಬೇಡಿ. ಗಾಜು ಒಡೆಯದಂತೆ ನೆಟ್ಟಗೆ ನಿಲ್ಲಿಸಿ, ವಿಷಯುಕ್ತ ಲೋಹಗಳಿವೆ ಎಂಬ ಚೀಟಿ ಹಚ್ಚಿ, ಪ್ರದರ್ಶನದ ವಸ್ತುವಾಗಿ ಕಾಪಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಕಾಲೇಜಿನಲ್ಲಿ ಅಳೆಸಿಟ್ಟುಕೊಂಡ ಎಡಿ584 ಮಾಡ್ಯೂಲಿನ 10, 7.5, 5, 2.5 ವೋಲ್ಟನ್ನು ನನ್ನ ಮೀಟರು 10.12, 7.59, 5.06, 2.53 ಎಂದು ತೋರಿಸುತ್ತದೆ. ಮೀಟರಿನ ಬ್ಯಾಟರಿ ಹೊಸದು. ಒಳಗಿರುವ ಪ್ರಿಸೆಟ್ಟನ್ನು, ಅಂದರೆ ಸ್ಕ್ರೂಡ್ರೈವರಿನಿಂದ ಹೊಂದಿಸುವ ಪುಟ್ಟ ರೆಸಿಸ್ಟರನ್ನು, ತಿರುಗಿಸಬಹುದೇ?

ಉತ್ತರ: ನಾಲ್ಕೂ ಕಡೆ ಒಂದೇ ಪ್ರಮಾಣದ, ಅಂದರೆ ಶೇಕಡಾ 1.2ರ ಹೆಚ್ಚಳವಿರುವುದು ಒಳ್ಳೆಯ ಸುಳಿವು. ಇಂಥ ಮೀಟರುಗಳ ಹೃದಯವಾದ 7106 ಚಿಪ್ ಒಳಬರುವ ವೋಲ್ಟೇಜನ್ನು ತನ್ನದೇ 100 ಮಿಲಿವೋಲ್ಟಿನ ರೆಫರೆನ್ಸಿನೊಡನೆ ಹೋಲಿಸುತ್ತದೆ, ಪ್ರಿಸೆಟ್ ಆ 100 ಮಿಲಿವೋಲ್ಟನ್ನು ಹೊಂದಿಸುತ್ತದೆ. ಅದು ತಗ್ಗಿದ್ದರೆ ಎಲ್ಲ ರೇಂಜುಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿಸುತ್ತವೆ.

ತಿರುಗಿಸುವ ಮೊದಲು 2 ವೋಲ್ಟಿನ ರೇಂಜನ್ನೂ ನೋಡಿ. ಶೇಕಡಾ 0.1ರ ನಿಖರತೆಯ 9 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರುಗಳಿಂದ 10 ವೋಲ್ಟನ್ನು 1 ವೋಲ್ಟಿಗೆ ಇಳಿಸಿಕೊಳ್ಳಿ. ಎರಡೂ ವಿರುದ್ಧ ದಿಕ್ಕಿಗೆ ತಪ್ಪಿದ್ದರೂ ದೋಷ ಶೇಕಡಾ 0.18ನ್ನು ಮೀರದು. ನಿಮ್ಮ ಮೀಟರಿನ ಒಳರೋಧ 1 ಮೆಗಾಓಮ್ ಆಗಿದ್ದರೆ ಅದರ ಹೊರೆಯಿಂದ ಇನ್ನೂ 0.09 ಶೇಕಡಾ ಕಡಿಮೆ ಕಾಣುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿಯೂ ಓದು 1.012ರ ಆಸುಪಾಸಿನಲ್ಲಿದ್ದರೆ, ಪ್ರಿಸೆಟ್ಟಿನ ಈಗಿನ ಸ್ಥಾನಕ್ಕೆ ಪೆನ್ನಿನಿಂದ ಗುರುತು ಹಾಕಿ, ಪ್ರೋಬುಗಳನ್ನು ಮಾಡ್ಯೂಲಿಗೆ ಮಾತ್ರ ಜೋಡಿಸಿಕೊಂಡು, 10 ವೋಲ್ಟಿನ ಓದು ನಿಮ್ಮ ಚೀಟಿಯ ಮೌಲ್ಯಕ್ಕೆ ಬರುವವರೆಗೆ ಕೂದಲೆಳೆಯಷ್ಟೇ ತಿರುಗಿಸಿ. 2 ವೋಲ್ಟಿನ ರೇಂಜು ಮೊದಲೇ ಸರಿಯಾಗಿದ್ದರೆ ಪ್ರಿಸೆಟ್ಟನ್ನು ಮುಟ್ಟಬೇಡಿ. ದೋಷವಿರುವುದು 20 ವೋಲ್ಟಿನ ರೇಂಜಿನಲ್ಲಿ ಒಳಬರುವ ವೋಲ್ಟೇಜನ್ನು ಇಳಿಸುವ ವಿಭಾಜಕ ರೆಸಿಸ್ಟರಿನಲ್ಲಿ.