‘ಇಸಿಜಿ ನಾರ್ಮಲ್ ಇದೆ, ರೋಗಿಯನ್ನು ಮನೆಗೆ ಕಳಿಸಬಹುದೇ?’

ವೈದ್ಯರ ನಿರಂತರ ಶಿಕ್ಷಣದ ತರಗತಿಗಳಲ್ಲಿ ಅಕ್ಯೂಟ್ ಕೊರೊನರಿ ಸಿಂಡ್ರೋಮ್ (ಹೃದಯಕ್ಕೆ ರಕ್ತದ ಹರಿವು ದಿಢೀರ್ ಕುಗ್ಗುವ ಸ್ಥಿತಿ) ಬಗ್ಗೆ ಎಷ್ಟೇ ಪಾಠ ಮಾಡಿದರೂ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಇಸಿಜಿ ರೇಖೆಯ ಎಸ್‌ಟಿ ಭಾಗದ ಏರಿಕೆ ಎಂದರೇನು, ಇಸಿಜಿಯನ್ನು ಹತ್ತು ನಿಮಿಷದೊಳಗೆ ಏಕೆ ತೆಗೆಯಬೇಕು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅದು ತಿಳಿಯದವರು ಈ ಅಂಕಣವನ್ನು ಬದಿಗಿಟ್ಟು ಮೊದಲು ಪಠ್ಯಪುಸ್ತಕ ತೆರೆಯಲಿ.

ಪ್ರಶ್ನೆ: 52 ವರ್ಷದವರೊಬ್ಬರಿಗೆ ಒಂದು ಗಂಟೆಯಿಂದ ಎದೆ ಹಿಂಡಿದಂತಹ ನೋವು. ಇಸಿಜಿ ಸಹಜವಾಗಿತ್ತು, ಟ್ರೋಪೊನಿನ್ ನೆಗೆಟಿವ್ ಬಂತು, ಆಂಟಾಸಿಡ್ ಕೊಟ್ಟ ಮೇಲೆ ನೋವೂ ಇಳಿಯಿತು. ಗ್ಯಾಸ್ಟ್ರಿಕ್ ಎಂದು ಮನೆಗೆ ಕಳಿಸಬಹುದೇ?

ಕಳಿಸಬಾರದು. ಈ ಪ್ರಶ್ನೆಯಲ್ಲಿರುವ ಮೂರು ಸಮಾಧಾನಗಳಲ್ಲಿ ಒಂದೂ ನಂಬಿಕೆಗೆ ಅರ್ಹವಲ್ಲ.

ಮೊದಲು ಟ್ರೋಪೊನಿನ್ ವಿಷಯ. ಹೃದಯಸ್ನಾಯುವಿನ ಕೋಶಗಳು ಹಾನಿಗೊಂಡ ಮೇಲೆ ಆ ಪ್ರೋಟೀನು ರಕ್ತಕ್ಕೆ ಸೋರಿ, ಅಳೆಯುವಷ್ಟು ಪ್ರಮಾಣ ಮುಟ್ಟಲು ಸಮಯ ಬೇಕು. ಹಳೆಯ ವಿಧಾನದ ಪರೀಕ್ಷೆಗಳಲ್ಲಿ ಇದಕ್ಕೆ ಹಲವು ಗಂಟೆಗಳೇ ಹಿಡಿಯುತ್ತವೆ. ಹೆಚ್ಚು ಸಂವೇದನೆಯ ಹೊಸ ಪರೀಕ್ಷೆಗಳಲ್ಲೂ ನೋವು ಆರಂಭವಾಗಿ ಮೂರು ಗಂಟೆ ಕಳೆಯುವ ಮುನ್ನ ತೆಗೆದ ಒಂದೇ ಮಾದರಿಯನ್ನು ನೆಚ್ಚಿಕೊಂಡು ಹೃದಯಾಘಾತವಿಲ್ಲ ಎನ್ನುವಂತಿಲ್ಲ. ಒಂದು ಗಂಟೆಯ ನೋವಿಗೆ ಬಂದ ‘ನೆಗೆಟಿವ್’ ವರದಿ ರೋಗಿಯ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ, ನೀವು ಬೇಗ ರಕ್ತ ತೆಗೆದಿರಿ ಎಂಬುದನ್ನಷ್ಟೇ ಹೇಳುತ್ತದೆ. ಹೊಸ ಪರೀಕ್ಷೆಯಿದ್ದರೆ ನಿಮ್ಮ ಪ್ರಯೋಗಾಲಯದ ವಿಧಾನಕ್ಕೆ ತಕ್ಕಂತೆ ಒಂದು, ಎರಡು ಅಥವಾ ಮೂರು ಗಂಟೆಗಳ ನಂತರ, ಹಳೆಯದಾದರೆ ಮೂರರಿಂದ ಆರು ಗಂಟೆಗಳ ನಂತರ ಮತ್ತೆ ಅಳೆಯಬೇಕು. ಎರಡೂ ಸಲ ಸಹಜವಾಗಿಯೇ ಬಂದರೂ ಅಸ್ಥಿರ ಆಂಜೈನಾ (ಸ್ನಾಯು ಸಾಯದೆಯೇ, ರಕ್ತ ಸಾಲದೆ ಬರುವ ಎದೆನೋವು) ಸಾಧ್ಯತೆಯಾಗಿ ಉಳಿದೇ ಇರುತ್ತದೆ. ಅಲ್ಲಿ ಟ್ರೋಪೊನಿನ್ ಏರುವುದೇ ಇಲ್ಲವಾದ್ದರಿಂದ ರೋಗಿ ಹೇಳುವ ಕಥೆಯನ್ನು ಕಿವಿಗೊಟ್ಟು ಕೇಳದೆ ಬೇರೆ ದಾರಿಯಿಲ್ಲ.

ಇಸಿಜಿ ಆ ಹತ್ತು ಸೆಕೆಂಡುಗಳ ಚಿತ್ರ ಮಾತ್ರ. ಹೆಪ್ಪು ಕಟ್ಟುವುದು, ಕರಗುವುದು, ಮತ್ತೆ ಕಟ್ಟುವುದು ನಡೆಯುತ್ತಿರುವ ನಾಳದಲ್ಲಿ ಬದಲಾವಣೆಗಳು ಬಂದು ಹೋಗುತ್ತಿರುತ್ತವೆ. ಆದ್ದರಿಂದ ಅನುಮಾನವಿರುವವರಲ್ಲಿ ಮೊದಲ ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ನೋವು ಮರುಕಳಿಸಿದರೆ ತಕ್ಷಣವೇ, ಇಸಿಜಿಯನ್ನು ಮರಳಿ ತೆಗೆಯಬೇಕು. ಇಸಿಜಿಯ ಹನ್ನೆರಡು ಲೀಡ್‌ಗಳಿಗೆ (ಹೃದಯವನ್ನು ನೋಡುವ ಕೋನಗಳಿಗೆ) ಕಾಣದ ಮೂಲೆಯೂ ಹೃದಯದಲ್ಲಿದೆ: ಹಿಂಭಾಗಕ್ಕೆ ರಕ್ತ ಒಯ್ಯುವ ಸರ್ಕಂಫ್ಲೆಕ್ಸ್ ಅಪಧಮನಿ ಪೂರ್ತಿ ಮುಚ್ಚಿದ್ದಾಗಲೂ ಸಾಮಾನ್ಯ ಇಸಿಜಿಯಲ್ಲಿ ಎಸ್‌ಟಿ ಏರಿಕೆ ಕಾಣದಿರಬಹುದು. ವಿ1ರಿಂದ ವಿ3ರವರೆಗೆ ಎಸ್‌ಟಿ ಇಳಿಕೆಯೊಂದೇ ಕಂಡರೆ ಬೆನ್ನಿಗೆ ವಿ7, ವಿ8, ವಿ9 ಲೀಡ್‌ಗಳನ್ನು ಅಂಟಿಸಿ ನೋಡಿ. ಅಲ್ಲಿ ಅರ್ಧ ಮಿಲಿಮೀಟರ್ ಏರಿಕೆಯೂ ಸಾಮಾನ್ಯವಾಗಿ ಸಾಕ್ಷಿಯೇ. ನನ್ನ ಈ ಹಠಕ್ಕೆ ಕಾರಣವಿದೆ. ತರಬೇತಿಯ ದಿನಗಳಲ್ಲಿ ಇಂಥದೇ ಇಳಿಕೆಯನ್ನು ನೋಡಿ ‘ಇಸ್ಕೀಮಿಯಾ’ (ರಕ್ತದ ಕೊರತೆ) ಎಂದಷ್ಟೇ ಬರೆದು, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಆರಂಭಿಸಿ, ಬೆಳಗಾಗಲಿ ಎಂದು ಕಾದು ಕುಳಿತವನು ನಾನು. ರೋಗಿ ಬದುಕಿಕೊಂಡರು, ಆದರೆ ಅವರ ಹೃದಯದ ಹಿಂಗೋಡೆ ಆ ರಾತ್ರಿಯೇ ಸತ್ತಿತ್ತು.

ಇನ್ನು ಆಂಟಾಸಿಡ್. ಹೃದಯದ ನೋವು ತಾನಾಗಿಯೇ ಏರಿಳಿಯುತ್ತದೆ. ಇಳಿಯುವ ಹೊತ್ತಿಗೆ ಸರಿಯಾಗಿ ನೀವು ಕೊಟ್ಟ ಔಷಧಕ್ಕೆ ಆ ಕೀರ್ತಿ ಸಲ್ಲುತ್ತದೆ, ಅಷ್ಟೇ. ನೈಟ್ರೇಟ್ (ರಕ್ತನಾಳ ಹಿಗ್ಗಿಸುವ ಮಾತ್ರೆ) ಕೊಟ್ಟಾಗ ನೋವು ಇಳಿಯಿತು, ಆದ್ದರಿಂದ ಇದು ಹೃದಯದ್ದೇ ಎನ್ನುವ ತರ್ಕವೂ ಇಷ್ಟೇ ಪೊಳ್ಳು; ಅನ್ನನಾಳದ ಸೆಳೆತವೂ ಅದೇ ಮಾತ್ರೆಗೆ ಸಡಿಲಗೊಳ್ಳಬಲ್ಲದು. ‘ಗ್ಯಾಸ್ಟ್ರಿಕ್’ ಎಂಬ ಪದವನ್ನು ಎದೆನೋವಿನ ರೋಗಿಯ ಚೀಟಿಯಲ್ಲಿ ಮೊದಲ ಗಂಟೆಯಲ್ಲೇ ಬರೆಯುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಧುಮೇಹಿಗಳು, ವೃದ್ಧರು ಮತ್ತು ಮಹಿಳೆಯರು ನೋವಿನ ಬದಲು ಬೆವರು, ಏದುಸಿರು, ದವಡೆ ನೋವು ಅಥವಾ ಹೊಟ್ಟೆಯ ಮೇಲ್ಭಾಗದ ಸಂಕಟವನ್ನೇ ಹೇಳಿಕೊಂಡು ಬರುವುದು ಹೊಸ ಸಂಗತಿಯೇನಲ್ಲ.

ಇತಿಹಾಸ, ಇಸಿಜಿ, ವಯಸ್ಸು, ಅಪಾಯಕಾರಿ ಅಂಶಗಳು ಮತ್ತು ಟ್ರೋಪೊನಿನ್ ಈ ಐದಕ್ಕೂ ಅಂಕ ಕೊಡುವ ಹಾರ್ಟ್ ಸ್ಕೋರ್ ಮೂರು ಅಥವಾ ಅದಕ್ಕಿಂತ ಕಡಿಮೆಯಿದ್ದು, ಮರುಪರೀಕ್ಷೆಗಳೂ ಸಹಜವಾಗಿದ್ದರೆ ಮನೆಗೆ ಕಳಿಸುವುದು ಒಪ್ಪಿತ ಕ್ರಮ. ಆಗಲೂ ಕಥೆ ನನಗೆ ಒಗ್ಗದಿದ್ದರೆ ನಾನು ಆ ರಾತ್ರಿ ರೋಗಿಯನ್ನು ಉಳಿಸಿಕೊಳ್ಳುತ್ತೇನೆ. ಇದನ್ನು ಅತಿ ಎಚ್ಚರ ಎನ್ನುವವರು ಎನ್ನಲಿ.

ಪ್ರಶ್ನೆ: ಎಸ್‌ಟಿ ಏರಿಕೆಯ ಹೃದಯಾಘಾತ; ಆಂಜಿಯೊಪ್ಲಾಸ್ಟಿ ಸೌಲಭ್ಯ ಎರಡೂವರೆ ಗಂಟೆ ದೂರದಲ್ಲಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಕಳಿಸಬೇಕೇ?

ಕೊಡಬೇಕು. ರೋಗನಿರ್ಣಯವಾದ 120 ನಿಮಿಷಗಳೊಳಗೆ ನಾಳ ತೆರೆಯುವುದು ಅಸಾಧ್ಯವೆನಿಸಿದರೆ, ನೋವು ಆರಂಭವಾಗಿ 12 ಗಂಟೆ ಮೀರಿರದಿದ್ದರೆ ಮತ್ತು ರಕ್ತಸ್ರಾವದ ನಿಷೇಧಗಳಿಲ್ಲದಿದ್ದರೆ ಅಲ್ಲೇ, ಆಗಲೇ ಕೊಡಿ. ಕೊಟ್ಟ ಮೇಲೆ ಫಲ ನೋಡೋಣವೆಂದು ಕೂರದೆ ವಾಹನ ಹೊರಡಿಸಿ. 60ರಿಂದ 90 ನಿಮಿಷಗಳ ಹೊತ್ತಿಗೆ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿಯದಿದ್ದರೆ ಔಷಧ ಸೋತಿದೆ, ತಕ್ಷಣ ಆಂಜಿಯೊಪ್ಲಾಸ್ಟಿ ಆಗಬೇಕು. ಗೆದ್ದಿದ್ದರೂ 2ರಿಂದ 24 ಗಂಟೆಗಳೊಳಗೆ ಆಂಜಿಯೊಗ್ರಾಮ್ ಬೇಕು. ಎಸ್‌ಟಿ ಏರಿಕೆಯಿಲ್ಲದ ಹೃದಯಾಘಾತಕ್ಕೂ ಇದೇ ಚುಚ್ಚುಮದ್ದನ್ನು ‘ಇರಲಿ’ ಎಂದು ಕೊಡುವವರು ಈಗಲೂ ಇದ್ದಾರೆ. ಅದು ಚಿಕಿತ್ಸೆಯಲ್ಲ, ಹಾನಿ.

ಪ್ರಶ್ನೆ: ಎದೆನೋವಿನ ಎಲ್ಲರಿಗೂ ಆಕ್ಸಿಜನ್?

ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ (ಸ್ಯಾಚುರೇಷನ್) ಶೇ 90 ಅಥವಾ ಹೆಚ್ಚಿದ್ದರೆ ಬೇಡ. 6,629 ರೋಗಿಗಳ ಡೆಟೊಟೂಎಕ್ಸ್ ಅಧ್ಯಯನ 2017ರಲ್ಲೇ ಈ ಚರ್ಚೆಯನ್ನು ಮುಗಿಸಿದೆ.

ಪ್ರಶ್ನೆ: ಜೋರಾಗಿ ಕೆಮ್ಮಿದರೆ ಹೃದಯಾಘಾತ ತಡೆಯಬಹುದಂತೆ? ನಾಳದ ಬ್ಲಾಕೇಜನ್ನು ಡ್ರಿಪ್‌ನಲ್ಲೇ ಕರಗಿಸುತ್ತಾರಂತೆ?

ಎರಡೂ ಸುಳ್ಳು. ಕೆಮ್ಮುತ್ತ ಕಳೆದ ಪ್ರತಿ ನಿಮಿಷವೂ ಆಂಬ್ಯುಲೆನ್ಸ್ ಕರೆಯದೆ ಕಳೆದ ನಿಮಿಷ. ಬ್ಲಾಕೇಜ್ ಕರಗಿಸುತ್ತದೆಂದು ಮಾರುವ ಕೀಲೇಷನ್ (ದೇಹದ ಲೋಹದ ಅಂಶಗಳನ್ನು ಹೊರಹಾಕುವ) ಡ್ರಿಪ್‌ಗಳ ಬಗ್ಗೆ ಹೇಳುವುದಾದರೆ, ಹಿಂದೆ ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಟ್ಯಾಕ್ಟ್-2 ಅಧ್ಯಯನದಲ್ಲಿ ಅದು ಹೊಸ ಅವಘಡಗಳನ್ನು ಕಡಿಮೆ ಮಾಡಲಿಲ್ಲ. ನಾಳದ ಗೋಡೆಯಲ್ಲಿ ಸೀಳಿದ ಪ್ಲಾಕಿನ (ಕೊಬ್ಬಿನ ಗಡ್ಡೆಯ) ಮೇಲೆ ಈಗಷ್ಟೇ ಕಟ್ಟಿದ ಹೆಪ್ಪಿಗಂತೂ ಅದರಿಂದ ಆಗುವುದೇನೂ ಇಲ್ಲ. ‘ಶಸ್ತ್ರಚಿಕಿತ್ಸೆಯಿಲ್ಲದೆ ಗುಣ’ ಎಂದು ಫಲಕ ಹಾಕಿ ಹಣ ಕೀಳುವವರ ಬಳಿ ಕೆಲವು ವೈದ್ಯರೇ ರೋಗಿಗಳನ್ನು ಕಳಿಸುತ್ತಿರುವುದು ನಾಚಿಕೆಗೇಡು.

ಪ್ರಶ್ನೆ: ನಾಲಿಗೆಯಡಿ ನೈಟ್ರೇಟ್ ಇಡುವ ಮೊದಲು ರಕ್ತದೊತ್ತಡ ನೋಡಿದರೆ ಸಾಕಲ್ಲವೇ?

ಸಾಲದು. ಕೆಳಗೋಡೆಯ ಹೃದಯಾಘಾತವಾಗಿದ್ದರೆ ಬಲಗಡೆಯ ಲೀಡ್‌ಗಳನ್ನೂ ನೋಡಿ. ಬಲ ಹೃತ್ಕುಕ್ಷಿಗೆ ಪೆಟ್ಟು ಬಿದ್ದಿದ್ದರೆ ನೈಟ್ರೇಟ್ ಒತ್ತಡವನ್ನು ಕುಸಿಯುವಂತೆ ಮಾಡುತ್ತದೆ. ನಿಮಿರು ದೌರ್ಬಲ್ಯದ ಮಾತ್ರೆಗಳ ಬಗ್ಗೆಯೂ ಕೇಳಿ: ಸಿಲ್ಡೆನಾಫಿಲ್ ತೆಗೆದುಕೊಂಡಿದ್ದರೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ಇದನ್ನು ಮನೆಯವರ ಎದುರು ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ. ಅವರನ್ನು ಒಂದು ನಿಮಿಷ ಹೊರಗೆ ಕಳಿಸಿ ಕೇಳಿ.